ಲೋಕಲ್ ರೈಲಿನ ಟೈಮಿಂಗ್ ಬದಲಾಗಿದೆ, ಯಾರನ್ನು ಏನೆಂದು ಕೇಳಬೇಕು?

ಪ್ರಶ್ನೆ: ಬೆಳಗ್ಗೆ ಬೆಂಗಳೂರಿಗೆ ಹೋಗುವ ನಮ್ಮ ಮೆಮು (ವಿದ್ಯುತ್ ಲೋಕಲ್ ರೈಲು) ಹೊಸ ವೇಳಾಪಟ್ಟಿಯಲ್ಲಿ 15 ನಿಮಿಷ ಮುಂಚೆ ಹೊರಡುತ್ತಿದೆ, ತಲುಪುವ ಸಮಯ ಮಾತ್ರ ಹಳೆಯದೇ. ನಡುವೆ ಒಂದು ನಿಲ್ದಾಣದಲ್ಲಿ ಸುಮ್ಮನೆ ನಿಂತಿರುತ್ತದೆ. ಹಳ್ಳಿಗಳಿಂದ ಮೊದಲ ಬಸ್ಸಿಗೆ ಬರುವವರಿಗೆ ಈಗ ಈ ರೈಲು ಸಿಗುತ್ತಿಲ್ಲ. ಮೊದಲಿನಂತೆ ಮಾಡಲು ಏನು ಅಡ್ಡಿ?

ಉತ್ತರ: ರೈಲು ಎಲ್ಲಿ ನಿಲ್ಲುತ್ತದೋ ಅಲ್ಲೇ ಕಾರಣವೂ ಇರುತ್ತದೆ. ಅದು ನಿಂತಿರುವುದು ಲೂಪ್ ಲೈನಿನಲ್ಲಾದರೆ, ಅಂದರೆ ಬೇರೆ ರೈಲಿಗೆ ದಾರಿ ಬಿಡಲು ಇರುವ ಬದಿಯ ಹಳಿಯಲ್ಲಾದರೆ, ಪಕ್ಕದ ಮೇನ್ ಲೈನಿನಲ್ಲಿ ಏನು ಹಾದುಹೋಗುತ್ತದೆ ಎಂದು ನೋಡಿ. ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಮುಂದೆ ಹೋದರೆ ಅದು ಓವರ್‌ಟೇಕ್, ಒಂಟಿ ಹಳಿಯ ಮಾರ್ಗದಲ್ಲಿ ಎದುರಿನಿಂದ ಬಂದರೆ ಕ್ರಾಸಿಂಗ್. ಓವರ್‌ಟೇಕ್ ಆದಾಗ ಎಕ್ಸ್‌ಪ್ರೆಸ್ ಕಣ್ಮರೆಯಾದ ತಕ್ಷಣ ನಿಮಗೆ ಸಿಗ್ನಲ್ ಬೀಳುವುದಿಲ್ಲ. ಆಟೊಮ್ಯಾಟಿಕ್ ಸಿಗ್ನಲ್ ಇಲ್ಲದ ಕಡೆ ಎರಡು ಬ್ಲಾಕ್ ಸ್ಟೇಷನ್‌ಗಳ (ರೈಲನ್ನು ಮುಂದೆ ಬಿಡಲು ಅನುಮತಿ ಕೊಡುವ ನಿಲ್ದಾಣಗಳ) ನಡುವೆ ಒಂದು ಹಳಿಯಲ್ಲಿ ಒಂದೇ ರೈಲು ಇರಬೇಕೆಂಬುದು ನಿಯಮ. ಎಕ್ಸ್‌ಪ್ರೆಸ್ ಮುಂದಿನ ಸ್ಟೇಷನ್ ಮುಟ್ಟಲು 8 ನಿಮಿಷ ಬೇಕಿದ್ದರೆ ಆ 8 ನಿಮಿಷ ನೀವು ಕಾಯಲೇಬೇಕು. ಅದು ಬರುವ ಮೊದಲೇ ಲೂಪಿಗೆ ಸರಿದ ನಾಲ್ಕೈದು ನಿಮಿಷ, ಮತ್ತೆ ಲೈನ್ ಕ್ಲಿಯರ್ (ಮುಂದಿನ ಸ್ಟೇಷನ್ನಿನ ಅನುಮತಿ) ಪಡೆಯುವ ಹೊತ್ತು, ಇಷ್ಟೂ ಸೇರಿದರೆ ನಿಮ್ಮ 15 ನಿಮಿಷದ ಲೆಕ್ಕ ಸಿಕ್ಕಿತು.

ಎರಡನೆಯ ಕಾರಣ ರೇಕಿನದು, ಅಂದರೆ ಒಟ್ಟಿಗೆ ಓಡುವ ಬೋಗಿಗಳ ಜೋಡಣೆಯದು. ಒಂದೇ ರೇಕು ದಿನಕ್ಕೆ ಹಲವು ಟ್ರಿಪ್ ಓಡುತ್ತದೆ. ನಿಮ್ಮದು 9.10ಕ್ಕೆ ತಲುಪಿ ಅದೇ ರೇಕು 9.30ಕ್ಕೆ ಬೇರೆ ನಂಬರಿನಲ್ಲಿ ಹೊರಡುವುದಿದ್ದರೆ, ನಡುವಿನ ನಿಲುಗಡೆ ಹಾಗೇ ಇಟ್ಟು ಹೊರಡುವುದನ್ನು ಮೊದಲಿನಂತೆ ಮಾಡಿದರೆ ತಲುಪುವುದು 15 ನಿಮಿಷ ತಡವಾಗಿ ಕೈಯಲ್ಲಿ ಉಳಿಯುವುದು ಐದೇ ನಿಮಿಷ. ಮೆಮುವಿಗೆ ಎರಡೂ ತುದಿಯಲ್ಲಿ ಚಾಲಕರ ಕ್ಯಾಬ್ ಇರುವುದರಿಂದ ಎಂಜಿನ್ ತಿರುಗಿಸುವ ಕೆಲಸವಿಲ್ಲ ನಿಜ. ಆದರೂ ಇಳಿಯುವವರು ಇಳಿದು, ಹತ್ತುವವರು ಹತ್ತಿ, ಚಾಲಕರು ಆ ತುದಿಗೆ ನಡೆದುಹೋಗಲು ಐದು ನಿಮಿಷ ಸಾಲದು.

ಹಾಗಾಗಿ ‘ಹಳೆ ಟೈಮಿಂಗ್ ಕೊಡಿ’ ಎಂಬ ಮನವಿ ಬಹುಪಾಲು ಫೈಲಿನಲ್ಲೇ ಉಳಿಯುತ್ತದೆ. ‘ತಲುಪುವ ವೇಳೆ ಹಾಗೇ ಇರಲಿ, ಹೊರಡುವುದು 10 ನಿಮಿಷ ತಡವಾಗಲಿ, ಓವರ್‌ಟೇಕ್ ಮುಂದಿನ ಸ್ಟೇಷನ್‌ನಲ್ಲಿ ಆಗಲಿ’ ಎಂದು ಕೇಳಿ. ಆದರೆ ನೀವು ಹೆಸರಿಸುವ ಸ್ಟೇಷನ್‌ನಲ್ಲಿ ಖಾಲಿ ಲೂಪ್ ಇರಬೇಕು. ಹಾಲ್ಟ್ ಎನ್ನುವ ಚಿಕ್ಕ ಸ್ಟೇಷನ್‌ಗಳಲ್ಲಿ ಸಾಮಾನ್ಯವಾಗಿ ಪ್ಲಾಟ್‌ಫಾರ್ಮ್ ಇರುತ್ತದೆಯೇ ಹೊರತು ಲೂಪ್ ಇರುವುದಿಲ್ಲ, ಅಲ್ಲಿ ರೈಲನ್ನು ಪಕ್ಕಕ್ಕೆ ಸರಿಸಲಾಗದು.

ಇನ್ನೊಂದು ಪರೀಕ್ಷೆ ಮಾಡಿ. ವೇಳಾಪಟ್ಟಿಯಲ್ಲಿ ಕೊನೆಯ ಎರಡು ನಿಲ್ದಾಣಗಳ ನಡುವಿನ ಹೊತ್ತನ್ನು ಹೋಗುವಾಗ, ಬರುವಾಗ ಎರಡಕ್ಕೂ ಹೋಲಿಸಿ. ಬೆಂಗಳೂರಿನಿಂದ ಹೊರಟಾಗ 12 ನಿಮಿಷದಲ್ಲಿ ದಾಟುವ ದೂರಕ್ಕೆ ಬೆಂಗಳೂರಿಗೆ ಬರುವಾಗ 30 ನಿಮಿಷ ಇಟ್ಟಿದ್ದರೆ ನಡುವಿನ 18 ನಿಮಿಷ ಹೆಚ್ಚುವರಿ ಸಮಯ. ಹಳಿ ಕೆಲಸದ ವೇಗಮಿತಿ, ಪ್ಲಾಟ್‌ಫಾರ್ಮ್ ಖಾಲಿಯಾಗುವ ಕಾಯುವಿಕೆ, ದಾರಿಯಲ್ಲಿ ಆದ ವಿಳಂಬ ತುಂಬಿಕೊಳ್ಳುವುದು, ಇವಕ್ಕೆಲ್ಲ ಅದು ಬೇಕು. ಎಲ್ಲವನ್ನೂ ಕಿತ್ತುಹಾಕಿ ಎನ್ನಬೇಡಿ. ರೈಲು ದಿನವೂ 10 ನಿಮಿಷ ಮೊದಲೇ ಬಂದು ನಿಲ್ದಾಣದ ಹೊರಗಿನ ಔಟರ್ ಸಿಗ್ನಲ್‌ನಲ್ಲಿ ನಿಲ್ಲುತ್ತಿದ್ದರೆ ಆ ಹತ್ತನ್ನು ಕೇಳುವ ಹಕ್ಕು ನಿಮಗೆ ಖಂಡಿತ ಇದೆ.

ಪ್ರಶ್ನೆ: ಪ್ರಕಟಣೆಗಳಲ್ಲಿ ‘ನಿಯಂತ್ರಣ’, ‘ಮರುನಿಗದಿ’, ‘ಭಾಗಶಃ ರದ್ದು’ ಎಂದೆಲ್ಲ ಬರೆಯುತ್ತಾರೆ. ಎಲ್ಲದರ ಅರ್ಥ ರೈಲು ತಡ ಎಂದೇ ಅಲ್ಲವೇ?

ಉತ್ತರ: ಅಲ್ಲ. ಹಾಗೆ ತಿಳಿದೇ ಎಷ್ಟೋ ಜನ ರೈಲು ತಪ್ಪಿಸಿಕೊಳ್ಳುತ್ತಾರೆ. ಮರುನಿಗದಿ ಎಂದರೆ ಹೊರಡುವ ನಿಲ್ದಾಣದಿಂದಲೇ ತಡ, ಎಲ್ಲರಿಗೂ ತಡ. ನಿಯಂತ್ರಣ ಎಂದರೆ ರೈಲು ಸರಿಯಾದ ಹೊತ್ತಿಗೆ ಹೊರಟು ದಾರಿಯಲ್ಲೊಂದು ಕಡೆ ನಿಲ್ಲುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಬರುವ ರೈಲನ್ನು ರಾಮನಗರದಲ್ಲಿ 40 ನಿಮಿಷ ನಿಯಂತ್ರಿಸುತ್ತಾರೆ ಎಂದಿಟ್ಟುಕೊಳ್ಳಿ. ಮಂಡ್ಯ, ಮದ್ದೂರು, ಚನ್ನಪಟ್ಟಣದವರು ಎಂದಿನ ಹೊತ್ತಿಗೇ ಸ್ಟೇಷನ್‌ನಲ್ಲಿರಬೇಕು. ಬಿಡದಿ, ಕೆಂಗೇರಿಯವರು 40 ನಿಮಿಷ ತಡವಾಗಿ ಬಂದರೆ ನಡೆಯುತ್ತದೆ, ಆದರೂ ಮನೆ ಬಿಡುವ ಮುನ್ನ ರೈಲು ಎಲ್ಲಿದೆ ಎಂದು ತೋರಿಸುವ ಎನ್‌ಟಿಇಎಸ್ ಆ್ಯಪ್ ಅಥವಾ ರೈಲ್ವೆ ಸಹಾಯವಾಣಿ 139ರಲ್ಲಿ ನೋಡಿಕೊಳ್ಳಿ. ಭಾಗಶಃ ರದ್ದಾದರೆ ರೈಲು ಇಡೀ ದಾರಿ ಓಡುವುದಿಲ್ಲ, ಯಾವ ನಿಲ್ದಾಣದವರೆಗೆ ಎಂಬುದನ್ನು ಓದಿ. ಸಂಜೆ ವಾಪಸಾಗುವ ರೈಲೂ ಅದೇ ರೇಕಿನದಾದರೆ ಅದೂ ಮಧ್ಯದಿಂದಲೇ ಹೊರಡಬಹುದು.

ಪ್ರಶ್ನೆ: ಪ್ಯಾಸೆಂಜರ್ ಟೈಮಿಂಗ್ ಹೊಂದದ್ದರಿಂದ ಎಕ್ಸ್‌ಪ್ರೆಸ್ ಹತ್ತಬೇಕಾಗಿದೆ. ತಿಂಗಳ ಪಾಸು ನಡೆಯುತ್ತದೆಯೇ?

ಉತ್ತರ: ಕಾಯ್ದಿರಿಸದ ಬೋಗಿಯಲ್ಲಿ, ಪಾಸಿನಲ್ಲಿ ಬರೆದ ಮಾರ್ಗದಲ್ಲಿ ಮಾತ್ರ. ಸ್ಲೀಪರ್ ಬೋಗಿಗೆ ಹತ್ತಿದರೆ ದಂಡ. ಸೂಪರ್‌ಫಾಸ್ಟ್ ಆದರೆ ಪಾಸಿನ ಮೇಲೆ ಸೂಪರ್‌ಫಾಸ್ಟ್ ಸರ್‌ಚಾರ್ಜ್ ಬೇರೆ ಕಟ್ಟಿರಬೇಕು. 12, 20, 22ರಿಂದ ಶುರುವಾಗುವ ನಂಬರುಗಳು ಸಾಮಾನ್ಯವಾಗಿ ಸೂಪರ್‌ಫಾಸ್ಟ್, 6ರಿಂದ ಶುರುವಾದರೆ ಮೆಮು, 7 ಡೆಮು (ಡೀಸೆಲ್ ಲೋಕಲ್ ರೈಲು), 5 ಪ್ಯಾಸೆಂಜರ್. 0ಯಿಂದ ಶುರುವಾದರೆ ವಿಶೇಷ ರೈಲು, ಪ್ರಕಟಿಸಿದ ಅವಧಿಗಷ್ಟೇ ಓಡುತ್ತದೆ, ಅದನ್ನು ನಂಬಿ ಮೂರು ತಿಂಗಳ ಪಾಸು ಮಾಡಿಸಬೇಡಿ. ಮೂರು ತಿಂಗಳದ್ದಕ್ಕೆ ತಿಂಗಳ ಪಾಸಿನ 2.7 ಪಟ್ಟು ದರ, ಅಂದರೆ ಉಳಿತಾಯ ನೂರಕ್ಕೆ ಹತ್ತು. ಹೊಸ ವೇಳಾಪಟ್ಟಿ ಬರುವ ಸುದ್ದಿಯಿದ್ದಾಗ ತಿಂಗಳದ್ದೇ ವಾಸಿ.

ಮಾರ್ಗದ ವಿಷಯದಲ್ಲಿ ತುಮಕೂರು ಕಡೆಯವರು ಎಚ್ಚರವಾಗಿರಿ. ತುಮಕೂರು–ಕೆಎಸ್‌ಆರ್ ಬೆಂಗಳೂರು ಪಾಸಿನಲ್ಲಿ ಯಶವಂತಪುರ ದಾರಿಯಲ್ಲೇ ಬರುತ್ತದೆ. ಅದೇ ರೈಲನ್ನು ಹೆಬ್ಬಾಳ, ಬಾಣಸವಾಡಿ ಮೂಲಕ ಎಸ್‌ಎಂವಿಟಿಗೆ (ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್) ತಿರುಗಿಸಿದರೆ ಯಶವಂತಪುರದಾಚೆಗೆ ಆ ಪಾಸು ನಡೆಯದು.

ಪ್ರಶ್ನೆ: ಮನವಿ ಯಾರಿಗೆ ಕೊಡಬೇಕು? ರೈಲ್ ಮದದ್‌ನಲ್ಲಿ ದೂರಿದರೆ ಸಾಕೇ?

ಉತ್ತರ: ರೈಲ್ ಮದದ್ ಇರುವುದು ನೀರಿಲ್ಲ, ದೀಪವಿಲ್ಲ, ಇಂದು ರೈಲು ನಿಂತುಬಿಟ್ಟಿದೆ ಎಂಬಂಥ ದೂರುಗಳಿಗೆ. ವೇಳಾಪಟ್ಟಿ ಬದಲಿಸಿ ಎಂದರೆ ‘ಗಮನಿಸಲಾಗಿದೆ’ ಎಂದು ಬರೆದು ಮುಚ್ಚಿಬಿಡಬಹುದು. ಮನವಿ ಹೋಗಬೇಕಾದ್ದು ನಿಮ್ಮ ವಿಭಾಗದ ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕ) ಅವರಿಗೆ, ಪ್ರತಿ ಹಿರಿಯ ವಿಭಾಗೀಯ ಕಾರ್ಯಾಚರಣೆ ವ್ಯವಸ್ಥಾಪಕರಿಗೆ. ನೈರುತ್ಯ ರೈಲ್ವೆಯಲ್ಲಿ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂದು ಮೂರು ವಿಭಾಗಗಳಿವೆ. ರೈಲು ಎರಡು ವಿಭಾಗ ದಾಟುವುದಾದರೆ ಹುಬ್ಬಳ್ಳಿಯ ಪ್ರಧಾನ ಕಚೇರಿಗೂ ಒಂದು ಪ್ರತಿ ಇರಲಿ. ವಿಭಾಗೀಯ ರೈಲು ಬಳಕೆದಾರರ ಸಲಹಾ ಸಮಿತಿಯ ಸದಸ್ಯರ ಮೂಲಕ ಸಭೆಯ ವಿಷಯಪಟ್ಟಿಗೆ ಸೇರಿಸಿದರೆ ಲಿಖಿತ ಉತ್ತರ ದೊರೆಯುವ ಸಾಧ್ಯತೆ ಹೆಚ್ಚು.

ಪುಟಗಟ್ಟಲೆ ಸಹಿಗಿಂತ ಒಂದು ಪುಟದ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ. 15 ಕೆಲಸದ ದಿನ, ದಿನಕ್ಕೊಂದು ಸಾಲು: ರೈಲು ನಂಬರು, ನಿಮ್ಮ ನಿಲ್ದಾಣಕ್ಕೆ ಬಂದ ಹೊತ್ತು, ಲೂಪಿನಲ್ಲಿ ನಿಂತ ನಿಮಿಷ, ಮುಂದೆ ಹೋದ ರೈಲಿನ ನಂಬರು, ಕೊನೆಯ ನಿಲ್ದಾಣ ತಲುಪಿದ ಹೊತ್ತು. ಕೆಳಗೆ ಮೊದಲ ಬಸ್ಸು ಸ್ಟೇಷನ್‌ಗೆ ಬರುವ ಸಮಯ, ಎಷ್ಟು ಪಾಸುದಾರರಿಗೆ ತೊಂದರೆ ಎಂಬುದು. ಕಚೇರಿ ನಿಮ್ಮ ಲೆಕ್ಕ ಒಪ್ಪದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅದೇ ದಿನಗಳ, ಅದೇ ನಿಲ್ದಾಣದ ಆಗಮನ–ನಿರ್ಗಮನ ದಾಖಲೆ ಕೇಳಿ, ಉತ್ತರಕ್ಕೆ 30 ದಿನಗಳ ಗಡುವಿದೆ. ಹಾಗೆಯೇ ಮೊದಲ ಬಸ್ಸನ್ನು 10 ನಿಮಿಷ ಮುಂಚೆ ಬಿಡುವಂತೆ ಡಿಪೊ ವ್ಯವಸ್ಥಾಪಕರಿಗೂ ಒಂದು ಪತ್ರ ಬರೆಯಿರಿ. ಬಸ್ಸಿಗೆ ಲೂಪ್ ಲೈನ್ ಬೇಕಿಲ್ಲವಾದ್ದರಿಂದ ಆ ಬದಲಾವಣೆ ಎಷ್ಟೋ ಸಲ ರೈಲಿಗಿಂತ ಮೊದಲೇ ಆಗುತ್ತದೆ.