ಬ್ರೇಕ್ ಒತ್ತಿದರೆ ಟೈಲ್ ಲೈಟ್ ಆರುವುದೇಕೆ?

ಪ್ರಶ್ನೆ: ನನ್ನದು 1997ರ ಮಾರುತಿ 800. ರಾತ್ರಿ ಲೈಟ್ ಹಾಕಿಕೊಂಡು ಬ್ರೇಕ್ ಒತ್ತಿದರೆ ಬಲಗಡೆಯ ಟೈಲ್ ಲೈಟ್ ಆರಿಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬಲ ಇಂಡಿಕೇಟರ್ ದೀಪ ಮಸುಕಾಗಿ ಹೊತ್ತಿಕೊಳ್ಳುತ್ತದೆ. ಎಡಗಡೆ ಎಲ್ಲ ಸರಿಯಿದೆ. ಬಲ್ಬು ಹೊಸದು, ಬ್ರೇಕ್ ಸ್ವಿಚ್ಚನ್ನೂ ಬದಲಿಸಿದ್ದಾಯಿತು.
— ಕುಂದಾಪುರದ ಓದುಗರು

ಉತ್ತರ: ಸ್ವಿಚ್ಚಿಗೆ ಹಾಕಿದ ದುಡ್ಡು ದಂಡ. ಎರಡೂ ಬದಿಯ ಬ್ರೇಕ್ ಲೈಟಿಗೆ ಇರುವುದು ಒಂದೇ ಸ್ವಿಚ್, ಒಂದೇ ಫ್ಯೂಸ್. ಎಡಗಡೆ ಉರಿಯುತ್ತಿದೆ ಎಂದಮೇಲೆ ಅವೆರಡೂ ನಿರಪರಾಧಿಗಳು. ಕೈಕೊಟ್ಟಿರುವುದು ಬಲಗಡೆಯ ಅರ್ಥಿಂಗ್, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ.

ಅಲ್ಲಿರುವ ಬಲ್ಬು 12 ವೋಲ್ಟಿನ 21/5 ವ್ಯಾಟ್, ಎರಡು ಫಿಲಮೆಂಟಿನದು. 21 ವ್ಯಾಟ್ ಬ್ರೇಕಿಗೆ, 5 ವ್ಯಾಟ್ ಟೈಲಿಗೆ. ಎರಡಕ್ಕೂ ಹಿಂದಿರುಗುವ ದಾರಿ ಒಂದೇ: ಬಲ್ಬಿನ ಹಿತ್ತಾಳೆ ಕವಚ, ಹೋಲ್ಡರ್, ಅಲ್ಲಿಂದ ಬಾಡಿಗೆ ಹೋಗುವ ವೈರು. ಆ ದಾರಿ ಕಡಿದಾಗ ಟೈಲಿನ ಕರೆಂಟು 21 ವ್ಯಾಟಿನ ಫಿಲಮೆಂಟಿನ ಮೂಲಕ ಬ್ರೇಕ್ ವೈರಿಗೆ ನುಗ್ಗಿ, ಎಡಗಡೆಯ ಬ್ರೇಕ್ ಬಲ್ಬಿನ ಮೂಲಕ ಬಾಡಿ ಸೇರುತ್ತದೆ. ಆದ್ದರಿಂದಲೇ ಬ್ರೇಕ್ ಮುಟ್ಟದಿರುವಾಗ ಟೈಲ್ ಲೈಟ್ ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಬ್ರೇಕ್ ಒತ್ತಿದೊಡನೆ ಆ ವೈರಿಗೂ 12 ವೋಲ್ಟ್ ಬಂದು ಕಳ್ಳದಾರಿ ಮುಚ್ಚುತ್ತದೆ, ದೀಪ ಆರುತ್ತದೆ. ಉಳಿದ ಕರೆಂಟು ಅದೇ ಅರ್ಥನ್ನು ಹಂಚಿಕೊಂಡ ಇಂಡಿಕೇಟರ್ ಬಲ್ಬನ್ನು ಹಾದು ಮುಂದಿನ ಇಂಡಿಕೇಟರಿಗೂ ಡ್ಯಾಶ್‌ಬೋರ್ಡಿಗೂ ಹೋಗುತ್ತದೆ. ನೀವು ನೋಡಿದ ಮಸುಕು ಬೆಳಕು ಅದೇ.

ಖಚಿತಪಡಿಸಿಕೊಳ್ಳಲು ಒಂದು ಮೀಟರ್ ವೈರು ಸಾಕು. ಒಬ್ಬರು ಪೆಡಲ್ ಒತ್ತಿ ಹಿಡಿದಿರಲಿ. ವೈರಿನ ಒಂದು ತುದಿ ಹೋಲ್ಡರಿನ ಲೋಹದ ಭಾಗಕ್ಕೆ, ಇನ್ನೊಂದು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ತಾಗಿಸಿ. ದೀಪಗಳೆಲ್ಲ ಸರಿಹೋದರೆ ತೀರ್ಮಾನವಾಯಿತು.

ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಮಾತ್ರ ಹುಷಾರಾಗಿ ಬಳಸಿ. ಬಲ್ಬು ತೆಗೆದು ಅಳೆದರೆ ಒಂದೇ ಎಳೆ ಉಳಿದಿರುವ ವೈರೂ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟು ಏನೇನೂ ಅಲ್ಲ. ಬಲ್ಬು ಎಳೆಯುವುದು ಸುಮಾರು 1.75 ಆಂಪ್. ಹಾಗಾಗಿ ಬಲ್ಬು ಅಲ್ಲೇ ಇರಲಿ, ಬ್ರೇಕ್ ಒತ್ತಿರಲಿ. ಮೀಟರಿನ ಒಂದು ಕಡ್ಡಿ ಹೋಲ್ಡರಿನ ಅರ್ಥಿಗೆ, ಇನ್ನೊಂದು ಉದ್ದನೆಯ ವೈರಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ. 0.2 ವೋಲ್ಟಿನೊಳಗಿದ್ದರೆ ಅರ್ಥ್ ಚೆನ್ನಾಗಿದೆ. ಒಂದು ವೋಲ್ಟ್ ದಾಟಿದರೆ ಎಲ್ಲೋ ತುಕ್ಕು ಕೂತಿದೆ.

ಅರ್ಥ್ ವೈರು (ಸಾಮಾನ್ಯವಾಗಿ ಕಪ್ಪು) ಬಾಡಿಗೆ ಕೂರುವ ಸ್ಕ್ರೂ ಬಿಚ್ಚಿ, ಲಗ್ಗಿನಷ್ಟೇ (ವೈರಿನ ತುದಿಯ ಲೋಹದ ಬಳೆ) ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ತಗಡು ಹೊಳೆಯುವಂತೆ ಮಾಡಿ. ಹೊಸ ಲಗ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ವೈರಿನ ತುದಿ ಹಸಿರು ಕಿಲುಬು ಹಿಡಿದಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ನಿಮ್ಮದು ಕಡಲತೀರ, ಉಪ್ಪುಗಾಳಿ. ಲೈಟಿನ ಹಿಂದಿನ ರಬ್ಬರ್ ಗ್ಯಾಸ್ಕೆಟ್ ಕುಗ್ಗಿ ನೀರಿಳಿಯುತ್ತಿದ್ದರೆ ಅದನ್ನೂ ಬದಲಿಸಬೇಕು, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪಾಡು.

ಹೋಲ್ಡರನ್ನೂ ನೋಡಿ. 21/5 ಬಲ್ಬಿನ ಪಕ್ಕದ ಎರಡು ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ, ತಿರುಗಾಮುರುಗಾ ಕೂರಬಾರದೆಂದು. ಸವೆದ ಹೋಲ್ಡರಿನಲ್ಲಿ ಒತ್ತಿದರೆ ಹಾಗೂ ಕೂತುಬಿಡುತ್ತದೆ. ಆಗ ಟೈಲ್ ಪ್ರಖರ, ಬ್ರೇಕ್ ಮಂಕು.

ಪ್ರಶ್ನೆ: ಹಳೆಯ ಅಂಬಾಸಿಡರ್. ಜೋರಾಗಿ ತುಳಿದರೆ ಮಾತ್ರ ಬ್ರೇಕ್ ಲೈಟ್ ಬರುತ್ತದೆ.
— ಮೈಸೂರಿನ ಓದುಗರು

ಉತ್ತರ: ಇದರಲ್ಲಿ ಸ್ವಿಚ್ ಇರುವುದು ಪೆಡಲಿನ ಬಳಿ ಅಲ್ಲ, ಬ್ರೇಕ್ ಪೈಪಿನ ಜೋಡಣೆಯಲ್ಲಿ. ಆಯಿಲಿನ ಒತ್ತಡಕ್ಕೆ ಒಳಗಿನ ಪೊರೆ ಉಬ್ಬಿ ಕಾಂಟ್ಯಾಕ್ಟ್ ಕೂಡುತ್ತದೆ. ಇಗ್ನಿಷನ್ ಹಾಕಿ, ಸ್ವಿಚ್ಚಿನ ಎರಡೂ ವೈರು ಕಿತ್ತು ಒಂದಕ್ಕೊಂದು ತಾಗಿಸಿ. ಮೂಲ ವೈರಿಂಗ್ ಇದ್ದರೆ ಬರುವುದು ಹಸಿರು, ಹೋಗುವುದು ನೇರಳೆ ಗೆರೆಯ ಹಸಿರು. ಲೈಟ್ ಪೂರ್ತಿ ಉರಿದರೆ ಸ್ವಿಚ್ಚೇ ಸವೆದಿದೆ. ಎರಡು ಬಲ್ಬಿನ ಮೂರೂವರೆ ಆಂಪ್ ಪ್ರತಿ ಸಲ ಅದರ ಮೇಲೇ ಬೀಳುವುದರಿಂದ ಕಾಂಟ್ಯಾಕ್ಟ್ ಸುಡುತ್ತದೆ.

ಹೊಸದನ್ನು ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ಬಿಚ್ಚಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಚೂರು ಕಳಚಿ ಬ್ರೇಕ್ ಲೈನಿಗೆ ಹೋದೀತು. ಬದಲಿಸಿದ ಮೇಲೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲೇಬೇಕು. ಚೆಲ್ಲಿದ ಬ್ರೇಕ್ ಆಯಿಲನ್ನು ತಕ್ಷಣ ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಬಣ್ಣ ಕಿತ್ತುಬರುತ್ತದೆ. ಇಂಥ ಸ್ವಿಚ್ಚಿಗೆ ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಕೂಡಿಸುವುದು ಒಳ್ಳೆಯದೇ: 30 ಎಂಬ ಸಂಖ್ಯೆಯ ಪಿನ್ನಿಗೆ 10 ಆಂಪ್ ಫ್ಯೂಸಿನಿಂದ ಕರೆಂಟು, 87ರಿಂದ ಹಿಂದಿನ ದೀಪಗಳಿಗೆ, 86ಕ್ಕೆ ಸ್ವಿಚ್ಚಿನ ವೈರು, 85 ಬಾಡಿಗೆ.

ಪ್ರಶ್ನೆ: ಓಮ್ನಿಯ ಬ್ರೇಕ್ ಲೈಟ್ ಆರುವುದೇ ಇಲ್ಲ. ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ.
— ಹಾಸನದ ಓದುಗರು

ಉತ್ತರ: ಪೆಡಲಿನ ಕೆಳಗೆ ಮ್ಯಾಟ್ ಎತ್ತಿ ನೋಡಿ, ಪುಡಿಯಾದ ರಬ್ಬರೋ ಪ್ಲಾಸ್ಟಿಕ್ಕೋ ಬಿದ್ದಿರುತ್ತದೆ. ಪೆಡಲ್ ಬಿಟ್ಟಾಗ ಸ್ವಿಚ್ಚಿನ ಕಡ್ಡಿಯನ್ನು ಅದುಮಿ ಲೈಟ್ ಆರಿಸುತ್ತಿದ್ದ ಬಿಲ್ಲೆ ಅದು. ಬಿಲ್ಲೆ ಹೋದಮೇಲೆ ಕಡ್ಡಿ ಪೆಡಲಿನ ತೂತಿನೊಳಗೆ ನುಗ್ಗಿ ಲೈಟ್ ಉರಿಯುತ್ತಲೇ ಇರುತ್ತದೆ. ಹೊಸ ಬಿಲ್ಲೆ ಸಿಗುವವರೆಗೆ ಆ ತೂತಿಗೆ ಚಿಕ್ಕ ಬೋಲ್ಟು, ನಟ್ಟು ಹಾಕಿ ಓಡಿಸಬಹುದು. ಬಿಲ್ಲೆ ನೆಟ್ಟಗಿದ್ದರೆ ಲಾಕ್‌ನಟ್ ಸಡಿಲಿಸಿ ಸ್ವಿಚ್ಚನ್ನು ಪೆಡಲಿನ ಕಡೆಗೆ ತಿರುಗಿಸಿ, ಥ್ರೆಡ್ಡಿನ ತುದಿಗೂ ಪೆಡಲಿಗೂ ಸುಮಾರು 1 ಮಿ.ಮೀ. ಸಂದು ಬಿಡಿ. ಸಂದೇ ಇಲ್ಲದಂತೆ ತಿರುಗಿಸಿದರೆ ಪೆಡಲ್ ಸದಾ ಅರೆ ಒತ್ತಿದಂತಿದ್ದು ಬ್ರೇಕ್ ಹಿಡಿದುಕೊಳ್ಳುತ್ತದೆ, ಡ್ರಮ್ಮು ಕಾಯುತ್ತದೆ.

ಪ್ರಶ್ನೆ: ಜೀಪಿನ ಬ್ರೇಕ್ ಲೈಟ್ ಫ್ಯೂಸ್ ಪದೇ ಪದೇ ಹೋಗುತ್ತದೆ. 30 ಆಂಪಿನದು ಹಾಕಲೇ?
— ಚಿಕ್ಕಮಗಳೂರಿನ ಓದುಗರು

ಉತ್ತರ: ಬೇಡ. ಆಗ ಫ್ಯೂಸಿನ ಬದಲು ವೈರೇ ಸುಡುತ್ತದೆ. ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬಲ್ಬೊಂದನ್ನು ಎರಡು ವೈರಿನಲ್ಲಿ ಕೂಡಿಸಿ. ಹಿಂದಿನ ಬ್ರೇಕ್ ಬಲ್ಬುಗಳನ್ನು ಕಳಚಿ, ಅದೇ ಫ್ಯೂಸಿನಲ್ಲಿ ಬೇರೇನಾದರೂ ಇದ್ದರೆ ಅದನ್ನೂ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿಸಿ. ಬಲ್ಬು ಪೂರ್ತಿ ಬೆಳಗಿದರೆ ವೈರು ಬಾಡಿಗೆ ತಾಗುತ್ತಿದೆ. ಹಿಂದಿನಿಂದ ಮುಂದಕ್ಕೆ ವೈರನ್ನು ಅಲ್ಲಾಡಿಸುತ್ತ ಬನ್ನಿ, ಎಲ್ಲಿ ಬೆಳಕು ಮಿಣುಕಾಡುತ್ತದೋ ಅಲ್ಲೇ ಸುಲಿದಿದೆ. ಮೊದಲು ಹುಡುಕಬೇಕಾದದ್ದು ಚಾಸಿಯ ತೂತುಗಳಲ್ಲಿ ರಬ್ಬರ್ ಬುಷ್ ಕಳಚಿಹೋದ ಕಡೆ, ಆಮೇಲೆ ಹಿಂದಿನ ಚಕ್ರದ ಮೇಲ್ಭಾಗ, ಕೊನೆಗೆ ಟ್ರೈಲರಿಗೆಂದು ಯಾರೋ ಎಳೆದ ಜೋಡಣೆ.