ಓದುಗರ ಪ್ರಶ್ನೆ: ಅಥಣಿ ಚಪ್ಪಲಿಯ ಬೆಲೆ ಎಲ್ಲಿದೆ?

ಪ್ರಶ್ನೆ: ಇಟಲಿಯ ಪ್ರಾಡಾ ಕಂಪನಿಯ ಕೊಲ್ಹಾಪುರಿ ಚಪ್ಪಲಿಗೂ ನಮ್ಮ ಅಥಣಿಗೂ ಸಂಬಂಧವಿದೆಯೇ? ಸಂತೆಯ ಚಪ್ಪಲಿಗೆ ಅಷ್ಟು ಬೆಲೆ ಬರುವಂಥದ್ದು ಏನಿದೆ?
– ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಇದೆ. 2019ರ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ (ಅಥಣಿ ಇರುವ ಜಿಲ್ಲೆ), ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಷೋನಲ್ಲಿ ಮೂಲ ಹೇಳದೆ ಇದೇ ವಿನ್ಯಾಸ ತೋರಿಸಿದ ಪ್ರಾಡಾ ಟೀಕೆಗೆ ಗುರಿಯಾಯಿತು. ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು: 2000 ಜೊತೆ ಚಪ್ಪಲಿ, ಒಂದು ಜೊತೆಯ ಬೆಲೆ ಸುಮಾರು 800 ಯೂರೋ.

ಆದರೆ ಈ ಚಪ್ಪಲಿಯ ಬೆಲೆ ಮೊದಲಿನಿಂದಲೂ ಇರುವುದು ಹದದಲ್ಲಿ ಮತ್ತು ಹೊಲಿಗೆಯಲ್ಲಿ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು ಬೇಕು. ಅದನ್ನು ಜಾಲಿ ತೊಗಟೆ, ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಅಟ್ಟೆಯ ಪದರ, ಎರಡು ಬದಿಯ ಕಿವಿ, ಮೇಲಿನ ಪಟ್ಟಿ, ಹೆಬ್ಬೆರಳಿನ ಉಂಗುಟ ಎಲ್ಲವನ್ನೂ ಕೂಡಿಸುವುದು ತೊಗಲಿನ ದಾರವೇ, ಮೊಳೆಯಲ್ಲ. ಇದಕ್ಕೆ ಗಟ್ಟಿ ಕಾರಣವಿದೆ. ತೊಗಟೆಯ ಒಗರು ಕಬ್ಬಿಣಕ್ಕೆ ತಾಗಿದರೆ ತೊಗಲು ಕಪ್ಪಾಗುತ್ತದೆ, ಮೊಳೆ ತುಕ್ಕು ಹಿಡಿದು ಸಡಿಲವಾಗುತ್ತದೆ. ತೊಗಲಿನ ದಾರ ಅಟ್ಟೆಯ ಜೊತೆಯೇ ಹಿಗ್ಗಿ ಕುಗ್ಗುತ್ತದೆ. ಹರಿದರೆ ಅದೇ ತೂತಿನಲ್ಲಿ ಮತ್ತೆ ಹೊಲಿಯಬಹುದು. ಪಟ್ಟಿಯ ಮೇಲಿನ ಸಣ್ಣ ಹೆಣಿಗೆ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೆಲಸ. ವಿನ್ಯಾಸದ ಮಾತು ಬಂದಾಗ ಅವರ ಹೆಸರೂ ಬರಬೇಕು.

ಪ್ರಶ್ನೆ: ಹೊಸ ಚಪ್ಪಲಿ ಕಚ್ಚುತ್ತದೆ. ಮಳೆಯಲ್ಲೂ ನೆನೆಯಿತು. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಮೊದಲು ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ, ಪಟ್ಟಿಯೊಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟರೆ ತೊಗಲು ಸೆಟೆದು ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಉಂಗುಟದ ಒಳಭಾಗಕ್ಕೂ ಕಿವಿಯ ಅಂಚಿಗೂ ನಾಲ್ಕೈದು ಹನಿ ಹರಳೆಣ್ಣೆ ಸವರಿ ರಾತ್ರಿ ಬಿಡಿ. ಹೆಚ್ಚು ಹಾಕಿದರೆ ಪಟ್ಟಿ ಜೋತುಬೀಳುತ್ತದೆ. ಒಂದು ವಾರ ದಿನಕ್ಕೆ ಅರ್ಧ ಗಂಟೆ ಮನೆಯೊಳಗೆ ಮೆಟ್ಟಿ ಓಡಾಡಿ. ಕಾಲಿನ ಬಿಸಿಗೆ ಮೆತ್ತಗಾಗುತ್ತದೆ. ನಿಮ್ಮೂರಿನ ಮಳೆಗಾಲಕ್ಕೆ ಇದು ಹೊಂದುವ ಚಪ್ಪಲಿಯಲ್ಲ. ಜೂನ್‌ನಿಂದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಬರುತ್ತದೆ.

ಪ್ರಶ್ನೆ: ನಕಲಿ ಗುರುತಿಸುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಅಟ್ಟೆಯ ಅಂಚು ನೋಡಿ. ತೊಗಟೆಯಲ್ಲಿ ಹದವಾದ ತೊಗಲು ಒಳಗೂ ಕಂದು. ಕ್ರೋಮ್ ಎಂಬ ರಾಸಾಯನಿಕದಲ್ಲಿ ಹದ ಮಾಡಿದ್ದಾದರೆ ನಡುವೆ ನೀಲಿ-ಬೂದು ಗೆರೆ ಕಾಣಬಹುದು. ರಟ್ಟಿನ ಪದರ, ಅಂಟಿನ ಕಲೆ, ನೈಲಾನ್ ದಾರ ಕಂಡರೆ ಕೊಳ್ಳಬೇಡಿ.