ಮದುವೆ ಆರ್ಡರ್ ಕೈ ತಪ್ಪುತ್ತಿದ್ದರೆ ಮುಂದಿನ ವರ್ಷಕ್ಕೆ ಹೀಗೆ ಯೋಜಿಸಿ

ಕೊಪ್ಪಳದಲ್ಲಿ ಮದುವೆ, ಸಮಾರಂಭಗಳ ಏರ್ಪಾಟು ಮಾಡಿಕೊಡುತ್ತೀರಿ; ವಿಚಾರಿಸುವವರು ಬರುತ್ತಾರೆ, ಮದುವೆ ಆರ್ಡರ್ ಮಾತ್ರ ಕೈ ತಪ್ಪುತ್ತಿದೆ, ಮುಂದಿನ ವರ್ಷಕ್ಕೆ ಏನು ಮಾಡಲಿ ಅಂತ ಕೇಳಿದ್ದೀರಿ. ಇದು ಬಹುಶಃ ನಿಮ್ಮ ರೇಟಿನ ಸಮಸ್ಯೆ ಅಲ್ಲ. ಕಲ್ಯಾಣ ಮಂಟಪದವರೇ ಡೆಕೊರೇಷನ್, ಅಡುಗೆ, ಫೋಟೊ ಸೇರಿಸಿ ಪ್ಯಾಕೇಜ್ ಕೊಡುತ್ತಿರಬೇಕು. ಕೈತಪ್ಪಿದ ನಾಲ್ಕೈದು ಮನೆಯವರಿಗೆ ಫೋನ್ ಮಾಡಿ ಕೇಳಿ, ಗೊತ್ತಾಗುತ್ತದೆ.

ಅದೇ ಕಾರಣವಾದರೆ, ಮೊದಲು ಹಳೆಯ ಬಿಲ್ಲು ತೆಗೆದು ಒಂದೊಂದು ಕೆಲಸದ ಲಾಭ ಬೇರೆ ಬೇರೆ ಬರೆಯಿರಿ. ಕೂಲಿ, ಗಾಡಿ ಬಾಡಿಗೆ, ಜನರೇಟರ್ ಡೀಸೆಲ್ ಎಲ್ಲ ಕಳೆಯಿರಿ. ಸುಮ್ನೆ ಒಟ್ಟು ವಹಿವಾಟು ನೋಡಬೇಡಿ. ಆಮೇಲೆ ಒಂದೆರಡು ಮಂಟಪದವರ ಜೊತೆ, ಅವರ ಪ್ಯಾಕೇಜಿನ ಕೆಲಸ ನಿಮಗೇ ಕೊಡುವಂತೆ ವರ್ಷದ ಒಪ್ಪಂದ ಮಾತಾಡಿ. ಬಾಯಿಮಾತು ಬೇಡ, ಬರೆಸಿಕೊಳ್ಳಿ.

ಆಷಾಢ, ಧನುರ್ಮಾಸದಲ್ಲಿ ಮದುವೆ ಕಡಿಮೆ ಅಲ್ವಾ? ಆ ದಿನಗಳಿಗೆ ಈಗಲೇ ಬೇರೆ ಕೆಲಸ ಹುಡುಕಿ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಕಾರ್ಯಕ್ರಮ, ಗಂಗಾವತಿಯ ಅಕ್ಕಿ ಗಿರಣಿಗಳ ಡೀಲರ್ ಸಭೆ, ಕಾಲೇಜು ಸಮಾರಂಭ. ನನಗೆ ನಿಜವಾದ ಭರವಸೆ ಕಾಣುವುದು ಇಲ್ಲೇ. ಆದರೆ ಕಂಪನಿಯವರು ಜಿಎಸ್‌ಟಿ ಬಿಲ್ ಕೇಳುತ್ತಾರೆ, ಹಣ ತಡ ಮಾಡುತ್ತಾರೆ. ಕೊಟೇಶನ್‌ನಲ್ಲೇ 18% ತೆರಿಗೆ ಬೇರೆ ತೋರಿಸಿ, ಅರ್ಧ ಮುಂಗಡ ಇಲ್ಲದೆ ಸಾಮಾನು ಎತ್ತಬೇಡಿ.

ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಹೊರಾಂಗಣ ಮದುವೆ ಕೇಳಿ ಬಂದರೆ, ಒಪ್ಪುವ ಮೊದಲೇ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ಅನುಮತಿ ವಿಚಾರಿಸಿ. ರಾತ್ರಿ 10ರ ನಂತರ ಧ್ವನಿವರ್ಧಕ ಇಲ್ಲ ಅಂತ ಗ್ರಾಹಕರಿಗೂ ಮೊದಲೇ ಹೇಳಿಬಿಡಿ.